ಹೇಳದೆ ಬಂದ ಮನೆ

ನನ್ನ ಮಗಳು ಅಮೆರಿಕದಲ್ಲಿ ಚುನಾವಣೆಗೆ ನಿಂತು ಸೋತಳು. ಪರದೇಶದವಳೆಂದು ಸೋಲಿಸಿದರು, ಬಣ್ಣ ನೋಡಿ ಸೋಲಿಸಿದರು ಎಂದು ನಮ್ಮೂರು ಮಟಕಿಯಲ್ಲಿ ಮಂದಿ ಮಾತಾಡುತ್ತಾರೆ. ಅದು ಸುಳ್ಳು. ಸತ್ತ ಹುಡುಗಿಯ ಫೋಟೊ ಕ್ಯಾಮೆರಾಕ್ಕೆ ಅಡ್ಡ ಬಂತೆಂದು ಎತ್ತಿ ನೆಲದ ಮೇಲಿಟ್ಟಳು, ಅದಕ್ಕೆ ಸೋತಳು. ಸೀಟು ಹೋದದ್ದು ದೊಡ್ಡ ಮಾತಲ್ಲ, ಸೀಟು ಇವತ್ತು ಹೋಗುತ್ತದೆ ನಾಳೆ ಬರುತ್ತದೆ. ಒಬ್ಬ ಗೆಳತಿ ಹೋದಳು. ಅದರಲ್ಲಿ ನನ್ನದೂ ಪಾಲಿತ್ತು, ಅದು ನನಗೆ ತಿಳಿದದ್ದು ಕೊನೆಗೆ.

ನನ್ನ ಹೆಸರು ಕಾಶಿಬಾಯಿ. ತವರು ಜೇವರ್ಗಿ ತಾಲೂಕಿನ ಅಂದೋಲಾ, ಕೊಟ್ಟ ಮನೆ ಆಳಂದ ತಾಲೂಕಿನ ಮಟಕಿ. ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ. ಹೆಣ್ಣುಮಕ್ಕಳ ಸೀಟು ಬಂದಾಗ ಒಂದು ಸಲ ಗ್ರಾಮ ಪಂಚಾಯತಿ ಮೆಂಬರ್ ಆಗಿದ್ದೆ. ಮಗಳು ಸುನಂದಾ ನರ್ಸು. ಕಲಬುರಗಿಯಲ್ಲಿ ಕಲಿತು, ಅರಬರ ದೇಶದಲ್ಲಿ ದುಡಿದು, ಅಲ್ಲಿಂದ ಅಮೆರಿಕಕ್ಕೆ ಹೋಗಿ ಅಲ್ಲಿಯವಳೇ ಆದಳು. ಟೆಕ್ಸಾಸ್ ಎನ್ನುವ ರಾಜ್ಯದ ಒಂದು ಊರು. ಊರ ಹೆಸರು ಬರೆಯುವುದಿಲ್ಲ. ಆಕೆ ಇನ್ನೂ ಅಲ್ಲೇ ಬಾಳಬೇಕು.

ಇಳಿದ ದಿನ

ವಿಮಾನದಿಂದ ಇಳಿದ ಮೇಲೆ ನನ್ನ ಗಂಟು ಬಿಚ್ಚಿಸಿದರು. ಜೋಳದ ಹಿಟ್ಟಿನ ಚೀಲ ನೋಡಿ ಅಲ್ಲಿಯ ಸಾಹೇಬ ಏನೋ ಕೇಳಿದ. ನನಗೆ ಅವನ ಮಾತು ಬಾರದು, ಅವನಿಗೆ ನನ್ನದು ಬಾರದು. ಎರಡೂ ಅಂಗೈ ಎತ್ತಿ ರೊಟ್ಟಿ ಬಡಿದು ತೋರಿಸಿದೆ. ಅವನು ನಕ್ಕ. ಪಕ್ಕದವನನ್ನು ಕರೆದು ತಾನೂ ಹಾಗೇ ಅಂಗೈ ಬಡಿದು ತೋರಿಸಿದ. ಅವನ ಮುಖ ನೋಡಿ, ಅಫಜಲಪುರ ಕಡೆಯವನಿರಬೇಕು, ಇಲ್ಲಿ ನೌಕರಿ ಸಿಕ್ಕಿದೆ ಅಂದುಕೊಂಡೆ.

ಹೊರಗೆ ಬಂದು ಸುನಂದಾಗೆ ಹೇಳಿದರೆ ಆಕೆ ನಕ್ಕಳು. "ಯವ್ವಾ, ಅವರು ಹಿಸ್ಪ್ಯಾನಿಕ್ ಮಂದಿ. ನನ್ನ ವಾರ್ಡಿನಾಗ ಅರ್ಧಕ್ಕಿಂತ ಹೆಚ್ಚು ಅವರೇ ಇದ್ದಾರ. ಅವರು ಕೈ ಹಿಡದ್ರ ಗೆದ್ದಂಗ."

"ಯಾವ ಮಂದಿ ಅಂದಿ?"

"ಸ್ಪ್ಯಾನಿಷ್ ಮಾತಾಡೋ ಮಂದಿ."

"ಕನ್ನಡ ಮಾತಾಡೋ ಮಂದಿ ಎಲ್ಲಾ ಒಂದ ಏನ ಬೇ?"

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ಆಮೇಲೆ ಅಲ್ಲಿರುವವರೆಗೂ ಅದು ಸುಮ್ಮನಾಗಲೇ ಇಲ್ಲ.

ಆಕೆ ನಿಂತದ್ದು ಊರ ಕೌನ್ಸಿಲ್ಲಿಗೆ. ನಮ್ಮಲ್ಲಿಯ ಪುರಸಭೆ ಇದ್ದ ಹಾಗೆ. ನೀರು, ರಸ್ತೆ, ಗಟಾರ, ದೀಪ. ಅಮೆರಿಕ ಅಂದರೆ ಹವಳಗಾದ ನಮ್ಮ ಬೀಗರು ಸಕ್ಕರೆ ಕಾರ್ಖಾನೆಯ ಚಿಮಣಿಯಷ್ಟು ಎತ್ತರದ ಮನೆಗಳನ್ನು ನೆನೆಯುತ್ತಾರೆ. ಆ ವಾರ್ಡಿನಲ್ಲಿ ಮನೆಗಳೆಲ್ಲ ಒಂದೇ ಅಂತಸ್ತು. ಮಳೆ ಬಂದರೆ ರಸ್ತೆಯ ನೀರು ಮೆಟ್ಟಿಲು ಹತ್ತುತ್ತದೆ. ಅದನ್ನು ನೋಡಿ ನನಗೆ ಸಮಾಧಾನವೇ ಆಯಿತು.

ಆಫೀಸಿನ ಗೋಡೆ

ಪ್ರಚಾರದ ಆಫೀಸು ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿ. ಗೋಡೆಯ ಮೇಲೆ ವಾರ್ಡಿನ ದೊಡ್ಡ ನಕಾಶೆ. ಬ್ರಾಯನ್ ಎನ್ನುವ ಬಿಳಿ ಗಡ್ಡದ ಮನುಷ್ಯ ಎಲ್ಲ ನೋಡಿಕೊಳ್ಳುತ್ತಿದ್ದ. ಮನುಷ್ಯ ಒಳ್ಳೆಯವನೇ. ನನಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, ನೀರಿನಲ್ಲಿ ಅರ್ಧ ಲೋಟ ಮಂಜಿನ ಗಡ್ಡೆ ಹಾಕಿ ಕೊಟ್ಟ. ನಕಾಶೆಯಲ್ಲಿ ಹಿಸ್ಪ್ಯಾನಿಕ್ ಮನೆಗಳಿಗೆಲ್ಲ ಒಂದೇ ಕಿತ್ತಳೆ ಬಣ್ಣ ಬಳಿದಿದ್ದ.

ಅಲ್ಲಿಯೇ ಲೂಪೆಯನ್ನು ಮೊದಲು ನೋಡಿದ್ದು. ಸುನಂದಾಳ ಆಸ್ಪತ್ರೆಯ ಅಡುಗೆ ವಿಭಾಗದಲ್ಲಿ ಕೆಲಸ. ಹುಟ್ಟಿದ್ದು ಮೆಕ್ಸಿಕೊ ದೇಶದಲ್ಲಿ. ಆಕೆಯ ಒಬ್ಬಳೇ ಮಗಳು ಎಲೇನಾ ಅದೇ ಆಸ್ಪತ್ರೆಯಲ್ಲಿ, ಸುನಂದಾ ನೋಡಿಕೊಳ್ಳುವ ವಾರ್ಡಿನಲ್ಲಿಯೇ ಮಲಗಿದ್ದು, ಹಿಂದಿನ ವರ್ಷ ತೀರಿಕೊಂಡಿದ್ದಳು. ಕೊನೆಗೆ ಆ ಹುಡುಗಿಯ ತಲೆ ಬಾಚಿ ಜಡೆ ಹಾಕಿದವಳು ನನ್ನ ಮಗಳು. ಅಂದಿನಿಂದ ಲೂಪೆಗೂ ಇವಳಿಗೂ ಒಡಹುಟ್ಟಿದವರ ಬಳಕೆ. ಇವಳು ಚುನಾವಣೆಗೆ ನಿಂತಾಗ ಮನೆಮನೆಗೆ ಕೈಹಿಡಿದು ಕರೆದೊಯ್ದವಳು ಲೂಪೆಯೇ.

ಲೂಪೆಯ ಮಾತನ್ನು ಸುನಂದಾ ನನಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಹಾಗಾಗಿ ಇಲ್ಲಿ ಲೂಪೆ ಅಂದೋಲಾದಲ್ಲಿ ಹುಟ್ಟಿದವಳ ಹಾಗೆ ಮಾತಾಡಿದರೆ ತಪ್ಪು ತಿಳಿಯಬೇಡಿ.

ಆವತ್ತು ಆಕೆ ನಕಾಶೆಯ ಮುಂದೆ ನಿಂತು, "ಬ್ರಾಯನ್, ಈ ಮನಿ ಮೆಕ್ಸಿಕೊದವರದು, ಈ ಮನಿ ಕ್ಯೂಬಾದವರದು, ಇವರು ಸಾಲ್ವಡಾರಿನವರು. ನೀ ಎಲ್ಲಾರಿಗೂ ಒಂದ ಬಣ್ಣ ಹಚ್ಚೀದಿ. ಇವರು ಒಬ್ಬರ ಮನ್ಯಾಗ ಒಬ್ಬರು ನೀರು ಸೈತ ಕುಡಿಯಂಗಿಲ್ಲ" ಅಂದಳು.

ಬ್ರಾಯನ್ ಹೌದು ಹೌದು ಅಂದ. ಐದು ಥರದ ಮಾತು ಹೇಳಲು ವೇಳೆ ಇಲ್ಲ, ಒಂದೇ ಮಾತು ಎಲ್ಲರಿಗೂ ಮುಟ್ಟಬೇಕು ಅಂದ.

ನನಗೆ ನಮ್ಮ ಕಡೆಯ ಒಂದು ಚುನಾವಣೆ ನೆನಪಾಯಿತು. ಪ್ಯಾಟಿಯಿಂದ ಬಂದವರೊಬ್ಬರು, ಮಟಕಿ ಕಡೆಯವರು ಮಹಾರಾಷ್ಟ್ರದ ಗಡಿಯವರು ಅಂತ ಯಾರೋ ಹೇಳಿದ್ದಕ್ಕೆ, ಲಂಬಾಣಿ ತಾಂಡಾಕ್ಕೂ ಮರಾಠಿ ಹಾಳೆ ಹಂಚಿ ಹೋಗಿದ್ದರು. ತಾಂಡಾದ ಹೆಣ್ಣುಮಕ್ಕಳು ಅವುಗಳ ಮೇಲೆ ಸಂಡಿಗೆ ಒಣಗಿಸಿದರು. ಇದನ್ನು ಬ್ರಾಯನ್‌ಗೆ ಹೇಳು ಅಂದೆ. ಸುನಂದಾ ಹೇಳಲಿಲ್ಲ.

ಬಾಗಿಲುಗಳು

ಅಲ್ಲಿ ಬಾಗಿಲ ಗುಂಡಿ ಒತ್ತಿದರೆ ಮನುಷ್ಯರು ಬರುವುದಿಲ್ಲ, ಗುಂಡಿಯೇ ಮಾತಾಡುತ್ತದೆ. ಮೊದಲ ಸಲ ನಾನು ಅದಕ್ಕೆ ಕೈಮುಗಿದೆ. ಒಳಗಿದ್ದವರು ಅದನ್ನು ಫೋನಿನಲ್ಲಿ ನೋಡಿ ನಗುತ್ತ ಹೊರಗೆ ಬಂದರು. ಮುಂದೆ ಸುನಂದಾ ಪ್ರತಿ ಮನೆಯಲ್ಲೂ ನನ್ನನ್ನು ಮುಂದೆ ನಿಲ್ಲಿಸಿದಳು.

ಒಬ್ಬ ಮುದುಕ ಕ್ಯೂಬಾದವನು. ಬಾಗಿಲಿಗೆ ನೀಲಿ ಬಣ್ಣ. ನಮ್ಮ ಹಾಳೆಯ ಮೇಲೆ ಅಗಲ ಅಂಚಿನ ದೊಡ್ಡ ಟೊಪ್ಪಿಗೆಯ ಚಿತ್ರ ಇತ್ತು. "ಈ ಟೊಪಗಿ ಮೆಕ್ಸಿಕೊದ್ದು. ನಮ್ಮಪ್ಪ ಹಾಕಿಲ್ಲ, ನಮ್ಮಜ್ಜ ಹಾಕಿಲ್ಲ, ನನಗ ಯಾಕ ಹಾಕಾಕ ಬಂದೀರಿ?" ಅಂದ. ಹಾಳೆಯನ್ನು ನೀಟಾಗಿ ಮಡಚಿ ವಾಪಸು ಕೊಟ್ಟ.

ಪೋರ್ಟೊ ರಿಕೊ ಎನ್ನುವ, ಅಮೆರಿಕದ ಕೈಕೆಳಗಿನ ದ್ವೀಪದ ಹೆಣ್ಣುಮಗಳು ಸುನಂದಾ ವೀಸಾದ ಮಾತು ಎತ್ತಿದ ಕೂಡಲೇ ಸೊಂಟದ ಮೇಲೆ ಕೈಯಿಟ್ಟಳು. "ನಾ ಹುಟ್ಟಿದಾಗಿಂದ ಈ ದೇಶದಾಕಿನೇ ಇದ್ದೇನಿ. ನೀವು ನಡುವ ಬಂದವರು. ನನ್ನ ಮನಿ ಮುಂದಿನ ಗಟಾರದ ಮಾತು ಹೇಳ್ರಿ." ಗಟಾರದ ಮಾತು ಅಂದಾಗ ನನಗೆ ಆಕೆ ಬಹಳ ಹಿಡಿಸಿದಳು.

ಸಾಲ್ವಡಾರಿನ ಗಂಡ ಹೆಂಡತಿ ಪ್ರಾರ್ಥನೆಯ ಮಂದಿ. ಮನೆಯಲ್ಲಿ ಒಂದು ಮೂರ್ತಿ ಇಲ್ಲ, ಪಟ ಇಲ್ಲ. ಸತ್ತವರ ಹೆಸರಲ್ಲಿ ಎಡೆ ಇಡುವುದು, ಹೂ ಏರಿಸುವುದು ತಮ್ಮಲ್ಲಿ ಪಾಪ ಅಂದರು. ಇನ್ನೊಂದು ಮನೆಯ ಯಜಮಾನ, "ನಾವು ಎಲ್ಲಿಂದನೂ ಬಂದಿಲ್ಲ. ನಮ್ಮ ಮುತ್ತಜ್ಜ ಇದ್ದಾಗ ಇದೇ ಊರು ಮೆಕ್ಸಿಕೊದಾಗ ಇತ್ತು" ಅಂದ. ಅದು ನನಗೆ ಕೂಡಲೇ ತಿಳಿಯಿತು. ನಮ್ಮಜ್ಜನೂ ನಿಜಾಮನ ಪ್ರಜೆಯಾಗಿ ಹುಟ್ಟಿ, ಅಂದೋಲಾ ಬಿಟ್ಟು ಎಲ್ಲೂ ಹೋಗದೆ, ಬೇರೆ ರಾಜ್ಯದಲ್ಲಿ ಸತ್ತವನು.

ಈ ಮಂದಿಯಲ್ಲಿ ಒಂದು ಮಾತ್ರ ಎಲ್ಲ ಮನೆಯಲ್ಲೂ ಒಂದೇ ಕಂಡೆ. ಕೂತದ್ದಕ್ಕಿಂತ ಏಳುವುದಕ್ಕೆ ಹೆಚ್ಚು ಹೊತ್ತು. ಹೋಗುತ್ತೇನೆ ಅಂದ ಮೇಲೆ ಒಬ್ಬೊಬ್ಬರನ್ನೂ ತಬ್ಬಿ, ಕೆನ್ನೆಗೆ ಕೆನ್ನೆ ಹಚ್ಚಿ, ಹೆಸರು ಹಿಡಿದು ಹೇಳಬೇಕು. ಒಂದು ಮನೆಯಿಂದ ಹೊರಬಿದ್ದು ಗೇಟಿನತನಕ ಬಂದ ಲೂಪೆ, ಹಿಂದಿನ ಕೋಣೆಯ ಮುದುಕಿಗೆ ಹೇಳುವುದು ಮರೆತೆ ಅಂತ ತಿರುಗಿ ಓಡಿದಳು. ಬಿಸಿಲಲ್ಲಿ ನಿಂತು ನನಗೆ ಸಿಟ್ಟು ಬಂತು. "ಇಷ್ಟು ಹೇಳಿ ಹೋಗೂ ಬದಲು ಇಲ್ಲೇ ಇರು ಅನ್ನು ಆಕಿಗಿ" ಅಂದೆ. ಸುನಂದಾ ಅದನ್ನು ಹೇಳಿದಳು. ಲೂಪೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಕೆ ಹಾಗೆ ತಿರುಗಿ ಓಡಿದ್ದನ್ನು ನಾನು ಸರಿಯಾಗಿ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಲೂಪೆಯ ಅಡುಗೆಮನೆ

ಒಂದು ರವಿವಾರ ಜೋಳದ ಹಿಟ್ಟು ಒಯ್ದು ಆಕೆಯ ಒಲೆಯ ಮೇಲೆ ರೊಟ್ಟಿ ಮಾಡಿದೆ. ಲೂಪೆ ಹಿಟ್ಟು ಮೂಸಿ ನೋಡಿದಳು. "ಇದು ಸೋರ್ಗೊ. ಇದನ್ನ ಇಲ್ಲಿ ದನಕ್ಕ ಹಾಕ್ತಾರ."

"ನೀವು ತಿನ್ನೂ ಗೋವಿನಜೋಳ ನಮ್ಮಲ್ಲಿ ಕೋಳಿಗೆ ಹಾಕ್ತಾರ ಅಂತ ಹೇಳು" ಅಂದೆ.

ಕೋಳಿ ಮತ್ತು ದನ ಕೂಡಿ ಊಟ ಮಾಡಿದೆವು. ಆಕೆ ನನ್ನನ್ನು ಅಬುವೆಲಾ ಅನ್ನುತ್ತಿದ್ದಳು, ಅಜ್ಜಿ ಎಂದು ಅರ್ಥ.

ಊಟವಾದ ಮೇಲೆ ನಡುಮನೆಗೆ ಕರೆದೊಯ್ದಳು. ಅವರಲ್ಲಿ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ನಮ್ಮ ದೀಪಾವಳಿಯ ಆಜುಬಾಜಿಗೆ ಬರುವ ದಿನ ಅದು. ಮೇಜಿನ ಮೇಲೆ ಚೆಂಡುಹೂ, ದೀಪ, ನೀರು, ಸಿಹಿ ಬ್ರೆಡ್ಡು. ನಡುವೆ ಎಲೇನಾಳ ಫೋಟೊ. ಎರಡು ಜಡೆ, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಹಿರಿಯರಿಗೆ ಎಡೆ ಇಡುವ ಮನೆಯವಳಾದ ನನಗೆ ಅದರಲ್ಲಿ ತಿಳಿಯದ್ದು ಏನೂ ಇರಲಿಲ್ಲ.

"ನಿಮ್ಮವರು ಯಾರರ ಇದ್ರ ಅವರ ಫೋಟೊನೂ ಇಡ್ರಿ, ಅಬುವೆಲಾ" ಅಂದಳು.

ಸುನಂದಾಳಿಗಿಂತ ಮೊದಲು ನನಗೆ ಮಹಾದೇವಿ ಎಂಬ ಮಗಳಿದ್ದಳು. ಹಾಲುಹಲ್ಲು ಬೀಳುವ ಮೊದಲೇ ಜ್ವರ ಬಂದು ಹೋದಳು. ಆಗ ಮಟಕಿಯಲ್ಲಿ ಹೆಣ್ಣು ಕೂಸಿನ ಫೋಟೊ ಯಾರು ತೆಗೆಸುತ್ತಿದ್ದರು. ಫೋಟೊ ಇಲ್ಲ ಅಂದೆ. ಲೂಪೆ ಸುಮ್ಮನೆ ಒಂದು ಖಾಲಿ ತಾಟು ತಂದು ಎಲೇನಾಳ ಪಕ್ಕದಲ್ಲಿ ಇಟ್ಟಳು. ನಾನು ಆಳಂದದ ಬಜಾರಿನಿಂದ ಹಂಚಲೆಂದು ತಂದ ಬಳೆಗಳಲ್ಲಿ ಒಂದು ಸಣ್ಣ ಹಸಿರು ಬಳೆ ಚೀಲದಲ್ಲಿತ್ತು. ಅದನ್ನು ತಾಟಿನಲ್ಲಿಟ್ಟೆ.

ಅಷ್ಟು ವರ್ಷದಲ್ಲಿ ಮಹಾದೇವಿಯ ಹೆಸರಲ್ಲಿ ಯಾರೂ ಏನೂ ಇಟ್ಟಿರಲಿಲ್ಲ, ನಾನೂ ಇಟ್ಟಿರಲಿಲ್ಲ. ಸಣ್ಣ ಕೂಸು ಸತ್ತರೆ ನಮ್ಮಲ್ಲಿ ಎಡೆ ಇಡುವುದಿಲ್ಲ.

ಕ್ಯಾಮೆರಾ ಬಂದ ದಿನ

ಆ ಮೇಜಿನ ಸುದ್ದಿ ಬ್ರಾಯನ್‌ನ ಕಿವಿಗೆ ಹೇಗೋ ಬಿತ್ತು. ಅದರ ಮುಂದೆ ಸುನಂದಾ ನಿಂತು ಸ್ಪ್ಯಾನಿಷ್‌ನಲ್ಲಿ ಎರಡು ಮಾತಾಡಲಿ, ಎಲ್ಲ ಹಿಸ್ಪ್ಯಾನಿಕ್ ಮನೆಗಳಿಗೂ ಫೋನಿನಲ್ಲಿ ಕಳಿಸೋಣ ಅಂದ. ಮನೆಗೆ ಬಂದು ಸುನಂದಾ ನನಗೆ ಹೇಳಿದಳು.

"ಸತ್ತ ಮನಿ ಅದ ಅದು. ಸತ್ತ ಮನ್ಯಾಗ ಓಟು ಕೇಳ್ತಾರೇನ ಬೇ?"

"ಅವರಿಗಿ ಅದು ಹಬ್ಬ, ಯವ್ವಾ. ದುಃಖ ಅಲ್ಲ."

"ಹಬ್ಬ ಆದ್ರ ಆಕಿ ಫೋಟೊ ಒರಸ್ಕೋತ ಯಾಕ ಅಳ್ತಾಳ?"

ಸಾಲ್ವಡಾರಿನವರಿಗೆ ಇದು ಪಾಪ ಅಂದದ್ದು ನೆನಪಿಲ್ಲವೇ ಅಂದೆ. ಒಬ್ಬಿಬ್ಬರಿಗೆ ಬ್ಯಾಸರಾದರೂ ನಡೆಯುತ್ತದೆ ಅಂದಳು. ಅದು ಬ್ರಾಯನ್‌ನ ಮಾತು, ಬಾಯಿ ಮಾತ್ರ ಇವಳದು. ನಾನೂ ಅಷ್ಟಕ್ಕೇ ಬಿಟ್ಟೆ.

ಲೂಪೆ ಒಲ್ಲೆ ಅನ್ನಲಿಲ್ಲ. "ನಿನ್ನ ಸಲುವಾಗಿ" ಅಂದಳಂತೆ.

ಕ್ಯಾಮೆರಾದವರು ಬಂದು ದೊಡ್ಡ ದೀಪ ಹಚ್ಚಿದರು. ಸುನಂದಾ ಇಳಕಲ್ ಸೀರೆ ಉಟ್ಟು ಮೇಜಿನ ಮುಂದೆ ನಿಂತಳು. ಬಾಯಿಪಾಠ ಮಾಡಿದ ಮಾತು ಹೇಳಿದಳು, ನಾನೂ ನಿಮ್ಮವಳೇ, ನಿಮ್ಮ ಹಿರಿಯರನ್ನು ನಾನೂ ಪೂಜಿಸುತ್ತೇನೆ, ನಿಮ್ಮ ಓಟು ನನಗೆ ಕೊಡಿ ಎಂದು. ಕ್ಯಾಮೆರಾದವಳು ಬೇಡ ಅಂತ ಕೈಯಾಡಿಸಿದಳು. ಫೋಟೊದ ಗಾಜು ಬೆಳಕಿಗೆ ಹೊಳೆಯುತ್ತಿದೆ, ಸ್ವಲ್ಪ ಸರಿಸಿ ಅಂದಳು.

ಲೂಪೆ ನೀರು ತರಲು ಒಳಗೆ ಹೋಗಿದ್ದಳು. ಸುನಂದಾ ಎರಡೂ ಕೈಯಿಂದ ಫೋಟೊ ಎತ್ತಿದಳು. ಎಲ್ಲಿಡಬೇಕೆಂದು ಆ ಕಡೆ ಈ ಕಡೆ ನೋಡಿದಳು. ಕೊನೆಗೆ ಬಗ್ಗಿ, ಮೇಜಿನ ಕಾಲಿಗೆ ಒರಗಿಸಿ ನೆಲದ ಮೇಲಿಟ್ಟಳು. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ. ಮತ್ತೆ ನಿಂತು ಮಾತು ಶುರು ಮಾಡಿದಳು.

ಲೂಪೆ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿದವಳು ನಾನೊಬ್ಬಳೇ. ಕೈಯಲ್ಲಿ ಟ್ರೇ ಇತ್ತು. ಮಾತು ಮುಗಿಯುವವರೆಗೆ ಕಾದಳು. ಟ್ರೇ ಇಟ್ಟಳು. ಫೋಟೊ ಎತ್ತಿ ಸೆರಗಿಲ್ಲದ ಕಾರಣಕ್ಕೆ ಅಂಗಿಯ ತುದಿಯಿಂದ ಒರೆಸಿ ಎದೆಗೆ ಹಿಡಿದುಕೊಂಡಳು. ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು.

ನಾನು ಎದ್ದೆ. ನಮ್ಮಲ್ಲಿ ಸತ್ತ ಮನೆಗೆ ಮಾತಾಡಿಸಲು ಹೋದರೆ ಏಳುವಾಗ ಹೋಗಿ ಬರ್ತೇನಿ ಅನ್ನುವುದಿಲ್ಲ. ಹಾಗೆ ಅಂದರೆ ಆ ಮನೆಗೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದಂತೆ. ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ, ಸುಮ್ಮನೆ ಹೊರಬೀಳಬೇಕು. ಆ ಮನೆಗೆ ನಾನು ಕೊಡಬಹುದಾಗಿದ್ದ ಮರ್ಯಾದೆ ಅದೊಂದೇ ಉಳಿದಿತ್ತು. ಅದನ್ನು ಕೊಟ್ಟೆ. ಲೂಪೆಯ ಮುಂದೆಯೇ ಹಾದು, ಒಂದು ಮಾತೂ ಆಡದೆ, ಬಾಗಿಲು ದಾಟಿ ರಸ್ತೆಗೆ ಬಂದೆ.

ಎಣಿಕೆಯ ಸಂಜೆ

ವಿಡಿಯೊ ಎಲ್ಲ ಮನೆಗೂ ಹೋಯಿತು. ಕ್ಯೂಬಾದ ಮುದುಕ, ಮೊದಲು ಟೊಪಗಿ ಕೊಟ್ಟರು, ಈಗ ಹಬ್ಬವನ್ನೂ ಕೊಟ್ಟರು ಅಂತ ನಕ್ಕನಂತೆ. ಪ್ರಾರ್ಥನೆಯ ಮಂದಿಗೆ ಅದು ಪಾಪದ ಮೇಜು. ಪೋರ್ಟೊ ರಿಕೊದವಳು, ಗಟಾರದ ಮಾತು ಎಲ್ಲಿ ಅಂತ ಕೇಳಿದಳಂತೆ. ಆ ಹಬ್ಬ ನಿಜವಾಗಿ ಮಾಡುವವರು ಮೆಕ್ಸಿಕೊದವರು. ವಿಡಿಯೊದ ಕೆಳಗಿನ ಮೂಲೆಯಲ್ಲಿ, ಸುನಂದಾಳ ನೆರಿಗೆಯ ಹತ್ತಿರ, ನೆಲದ ಮೇಲೆ ಕೂತ ಹುಡುಗಿಯನ್ನು ಅವರು ನೋಡಿದರು. ಲೂಪೆಯ ಮಗಳೆಂದು ಗುರುತು ಹಿಡಿದರು. ಎಲ್ಲರಿಗೂ ಒಂದೇ ಮಾತು ಮುಟ್ಟಬೇಕು ಅಂದಿದ್ದ ಬ್ರಾಯನ್. ಮುಟ್ಟಿತು.

ಲೂಪೆ ಆಫೀಸಿಗೆ ಬರುವುದು ನಿಲ್ಲಿಸಿದಳು. ಸುನಂದಾ ಆಕೆಯ ಮನೆಗೆ ಹೋದಳು, ಬಾಗಿಲ ಗುಂಡಿಯೇ ಮಾತಾಡಿ ಕಳಿಸಿತು.

ಎಣಿಕೆಯ ಸಂಜೆ ಚಪ್ಪಲಿ ಅಂಗಡಿಯಲ್ಲಿ ಮಂದಿ ಕೂಡಿದ್ದರು. ಸೋತ ಸುದ್ದಿ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಸೋತವರಿಗೆ ಅಲ್ಲಿ ಚಪ್ಪಾಳೆ ಹೊಡೆಯುತ್ತಾರೆ. ನಮ್ಮಲ್ಲಿ ಪೆಂಡಾಲಿನ ಕುರ್ಚಿ ತಿರುಗಿ ಒಯ್ಯುತ್ತಾರೆ. ನಮ್ಮದೇ ವಾಸಿ ಅನ್ನಿಸಿತು.

ಮನೆಗೆ ಬಂದು ಸುನಂದಾ ಅಡುಗೆಮನೆಯ ನೆಲದ ಮೇಲೆ ಕೂತಳು. ಸೀರೆ ಬದಲಿಸಿರಲಿಲ್ಲ.

"ಇವತ್ತ ದವಾಖಾನ್ಯಾಗ ಆಕಿನ್ನ ತಡದು ನಿಲ್ಲಿಸಿದೆ, ಯವ್ವಾ. ತಪ್ಪಾತು ಅಂದೆ."

"ಏನಂದಳು?"

"ನೀ ಫೋಟೊ ಇಟ್ಟಾಗ ನಿನಗ ತಿಳೀಲಿಲ್ಲ ಅಂತ ತಿಳಕೊಂಡೆ. ಕೆಲಸದ ಗಡಿಬಿಡಿ ಅಂದುಕೊಂಡೆ. ಅಬುವೆಲಾ ಹಿರೇ ಮನುಷ್ಯಾಳು, ನನ್ನ ಮನ್ಯಾಗ ಉಂಡಾಕಿ, ಆಕಿಗರ ತಿಳೀತಾದ ಅಂದುಕೊಂಡೆ. ಆಕಿ ಸೈತ ನನ್ನ ಮುಂದ ಹಾದು, ಒಂದ ಮಾತ ಹೇಳದ ಹೋದಳು. ನಾಯಿಗೂ ಹೇಳಿ ಹೋಗ್ತೇವಿ ನಾವು. ಹಿಂಗ ಅಂದಳು."

ನಾನು ಕೊಟ್ಟ ಮರ್ಯಾದೆ ಆ ಮನೆಯಲ್ಲಿ ಉಗುಳಿದ ಹಾಗೆ ಬಿದ್ದಿತ್ತು. ಐದು ಥರದ ಮಂದಿಗೆ ಒಂದೇ ಬಣ್ಣ ಬಳಿದ ಅಂತ ಬ್ರಾಯನ್‌ನನ್ನು ಮನಸ್ಸಿನಲ್ಲೇ ಬಯ್ದವಳು ನಾನು. ಮಟಕಿಯ ರಿವಾಜನ್ನು ಟೆಕ್ಸಾಸಿನ ಮನೆಗೆ ಬಳಿದು ಬಂದಿದ್ದೆ.

"ನಮ್ಮಲ್ಲಿ ಹೇಳಬಾರದು ಅಂತ ನೀ ಆಕಿಗಿ ತಿಳಿಸಿ ಹೇಳಲಿಲ್ಲೇನು?" ಅಂದೆ.

"ಹೇಳಿದೆ. ಇದಕ್ಕೂ ನಿಮ್ಮಲ್ಲಿ ಒಂದು ಕಾರಣ ಅದ ಅಂತಾಯ್ತು ಅಂದಳು. ಹೊಂಟ್ಹೋದಳು."

ಮರುದಿನ ಬೆಳಿಗ್ಗೆ

ಸುನಂದಾ ಇನ್ನೂ ಎದ್ದಿರಲಿಲ್ಲ. ಉಳಿದ ಜೋಳದ ಹಿಟ್ಟನ್ನೆಲ್ಲ ನಾದಿ ರೊಟ್ಟಿ ಬಡಿದೆ. ನಮ್ಮಲ್ಲಿ ದುಃಖದ ಮನೆಗೆ ರೊಟ್ಟಿ ಒಯ್ಯುತ್ತಾರೆ, ಅದೂ ನಮ್ಮ ರಿವಾಜೇ, ಆದರೆ ಹಸಿವು ಎಲ್ಲ ಕಡೆಯೂ ಒಂದೇ ಎಂದು ಧೈರ್ಯ ಮಾಡಿದೆ. ಬಟ್ಟೆಯಲ್ಲಿ ಸುತ್ತಿ ಒಬ್ಬಳೇ ನಡೆದೆ. ಕ್ಯೂಬಾದ ಮುದುಕನ ನೀಲಿ ಬಾಗಿಲು ಗುರುತಿತ್ತು, ಅಲ್ಲಿಂದ ಹೊರಳಿದರೆ ಲೂಪೆಯ ಓಣಿ.

ಗುಂಡಿ ಒತ್ತಲಿಲ್ಲ. ಕೈಯಿಂದ ಬಾಗಿಲು ಬಡಿದೆ. ಲೂಪೆ ಕೆಲಸದ ಬಟ್ಟೆಯಲ್ಲಿ ಬಂದು ತೆರೆದಳು. ಬಾ ಅನ್ನಲಿಲ್ಲ. ಬಾಗಿಲಿಂದ ಸರಿಯಲೂ ಇಲ್ಲ. ನಾನು ಪಕ್ಕದಿಂದ ನುಸುಳಿ ಒಳಗೆ ಹೋದೆ. ಮುದುಕಿಯನ್ನು ದೂಡಲು ಬರುವುದಿಲ್ಲವಲ್ಲ.

ಮೇಜು ಖಾಲಿಯಾಗಿತ್ತು. ಚೆಂಡುಹೂ ಒಂದು ಚೀಲದಲ್ಲಿ ಬಾಡಿ ಬಿದ್ದಿತ್ತು. ಎಲೇನಾ ಗೋಡೆಗೆ ಹೋಗಿದ್ದಳು. ರೊಟ್ಟಿಯ ಗಂಟು ಮೇಜಿನ ಮೇಲಿಟ್ಟೆ. ಲೂಪೆ ಅದನ್ನು ನೋಡಲಿಲ್ಲ. ಒಳಗೆ ಹೋಗಿ ಬಂದು ನನ್ನ ಮುಂದೆ ಅಂಗೈ ಚಾಚಿದಳು. ಮಹಾದೇವಿಯ ಹಸಿರು ಬಳೆ. ತಿರುಗಿ ಒಯ್ಯಿ ಎಂದು.

ನಾನು ತೆಗೆದುಕೊಳ್ಳಲಿಲ್ಲ. ಆಕೆಯ ಬೆರಳು ಒಂದೊಂದಾಗಿ ಮಡಚಿ ಬಳೆಯ ಮೇಲೆ ಮುಚ್ಚಿದೆ. ಇದು ಇಲ್ಲೇ ಇರಲಿ ಅಂತ ಕನ್ನಡದಲ್ಲೇ ಹೇಳಿದೆ. ಮತ್ತೆ ಯಾವುದರಲ್ಲಿ ಹೇಳಲಿ.

ಆಮೇಲೆ ಆಕೆಯನ್ನು ತಬ್ಬಿದೆ. ಹೆತ್ತ ಮಕ್ಕಳನ್ನೂ ನಾನು ಹಾಗೆ ತಬ್ಬಿದವಳಲ್ಲ. ಲೂಪೆ ಕಟ್ಟಿಗೆಯ ಹಾಗೆ ನಿಂತಿದ್ದಳು. ಕೆನ್ನೆಗೆ ಕೆನ್ನೆ ಹಚ್ಚಿದೆ. ಬೂಟು ಕಟ್ಟಿಕೊಳ್ಳುತ್ತಿದ್ದ ಆಕೆಯ ಗಂಡನ ಹತ್ತಿರ ಹೋಗಿ, ಹೊರಟೆನೆಂದು ಹೇಳಿದೆ. ಹಿಂದಿನ ಕೋಣೆಗೆ ಹೋಗಿ, ಹಾಸಿಗೆಯಲ್ಲಿದ್ದ ಆಕೆಯ ಅತ್ತೆಗೆ ಹೇಳಿದೆ. ಗೋಡೆಯ ಹತ್ತಿರ ಹೋಗಿ ಎಲೇನಾಗೆ ಹೇಳಿದೆ. ಬಾಗಿಲಿಗೆ ಬಂದು ತಿರುಗಿ ನೋಡಿದೆ. ಲೂಪೆಯ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.

"ಹೋಗಿ ಬರ್ತೇನಿ, ಲೂಪೆ" ಅಂದೆ.

ಸತ್ತ ಮನೆಯಲ್ಲಿ ನನ್ನ ಜನ್ಮದಲ್ಲಿ ಆಡದ ಮಾತು. ಆ ಊರಿಗೆ ನಾನು ಮತ್ತೆ ಹೋಗುವವಳಲ್ಲ, ಅದು ನನಗೂ ಗೊತ್ತು, ಆಕೆಗೂ ಗೊತ್ತು. ಆದರೂ ಗಟ್ಟಿಯಾಗಿ ಅಂದೆ, ಹಿಂದಿನ ಕೋಣೆಗೂ ಕೇಳುವ ಹಾಗೆ.